ಮೈಕ್ ಕೊಟ್ಟರೆ ಸಾಲದು, ಎರಡನೇ ಪಂದ್ಯವನ್ನೂ ಕೊಡಿ

ಹಿಂದಿನ ಸಂಚಿಕೆಯಲ್ಲಿ ಒಬ್ಬ ಓದುಗರಿಗೆ ಉತ್ತರ ಬರೆಯುವಾಗ, ಕ್ರೀಡೆಯ ಕಾಮೆಂಟರಿಯಲ್ಲಿ ಹೆಣ್ಣುದನಿ ಇಷ್ಟು ಕಡಿಮೆ ಯಾಕೆ ಅಂತ ಎರಡು ಸಾಲು ಸೇರಿಸಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲದ ಅಂಕಣವನ್ನು ಪೂರ್ತಿ ತಿಂದುಬಿಟ್ಟಿವೆ. ಹೆಚ್ಚಿನವು ಕೊಡಗಿನಿಂದಲೇ. ಹಾಕಿ ಹಬ್ಬದ ಊರಿನವರು ಮೈಕಿನ ಬಗ್ಗೆ ಸುಮ್ನೆ ಇರ್ತಾರಾ? ಮಳಿಗೆ, ಗೊಬ್ಬರ, ಕಾಳುಮೆಣಸಿನ ಪ್ರಶ್ನೆ ಕಳಿಸಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ.

ಪ್ರಶ್ನೆ: ನಾನು ಕಾಲೇಜಿನಲ್ಲಿ ಹಾಕಿ ಆಡುತ್ತೇನೆ. ಮುಂದೆ ಕಾಮೆಂಟೇಟರ್ ಆಗಬೇಕು ಅಂತ ಆಸೆ. ಮನೆಯಲ್ಲಿ ಹೇಳಿದರೆ ಮಾವ ನಗುತ್ತಾರೆ, ಆ ಕೆಲಸ ಯಾವ ಹೆಂಗಸು ಮಾಡಿದ್ದಾಳೆ ತೋರಿಸು ಅನ್ನುತ್ತಾರೆ. ಮೊದಲು ಮಾಡಿದವರು ಯಾರು? — ಓದುಗಿ, ಪೊನ್ನಂಪೇಟೆ

ಮಾವನಿಗೆ ತೋರಿಸೋಣ. ಒಬ್ಬರಲ್ಲ, ಸಾಲಾಗಿ ತೋರಿಸೋಣ.

ಮೊದಲು ಮೇರಿ ಶೇನ್. ಅಮೆರಿಕದ ಮಿಲ್ವಾಕಿ ನಗರದಲ್ಲಿ ರೇಡಿಯೋಗೆ ಬೇಸ್‌ಬಾಲ್ ವರದಿ ಮಾಡುತ್ತಿದ್ದವರು. 1976ರಲ್ಲಿ ಹ್ಯಾರಿ ಕೇರಿ ಎಂಬ ಬಹಳ ಹೆಸರುವಾಸಿ ಕಾಮೆಂಟೇಟರ್, ಶೇನ್ ಅವರನ್ನು ಪತ್ರಕರ್ತರ ಸಾಲಿನಲ್ಲಿ ನೋಡಿ, ಬಾ, ಸ್ವಲ್ಪ ಹೊತ್ತು ನೀನೂ ಹೇಳು ಅಂತ ಮೈಕಿನ ಮುಂದೆ ಕೂರಿಸಿದರು. ಅದು ಎಷ್ಟು ಹಿಡಿಸಿತು ಅಂದರೆ ಮರುವರ್ಷ, 1977ರಲ್ಲಿ, ಶಿಕಾಗೋ ವೈಟ್ ಸಾಕ್ಸ್ ತಂಡ ಅವರನ್ನು ಕಾಮೆಂಟರಿ ಬಳಗಕ್ಕೇ ಸೇರಿಸಿಕೊಂಡಿತು. ಒಂದು ದೊಡ್ಡ ಬೇಸ್‌ಬಾಲ್ ತಂಡಕ್ಕೆ ಎಸೆತ ಎಸೆತಕ್ಕೂ ವಿವರಣೆ ಕೊಡುವ ಕೆಲಸ ಒಬ್ಬ ಹೆಣ್ಣುಮಗಳಿಗೆ ಸಿಕ್ಕಿದ್ದು ಅದೇ ಮೊದಲು. ಆದರೆ ಆ ಸೀಸನ್ ಮುಗಿಯುವ ಮುಂಚೆಯೇ ಅವರನ್ನು ಕೈಬಿಟ್ಟರು. ಮೇರಿ ಶೇನ್ ಆಮೇಲೆ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರಿನ ಪತ್ರಿಕೆಗೆ ಹೋಗಿ ಬಾಸ್ಕೆಟ್‌ಬಾಲ್ ಬಗ್ಗೆ ಬರೆದರು, ಚೆನ್ನಾಗಿ ಬರೆದರು, 1987ರಲ್ಲಿ ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು.

ಅದೇ 1987ರ ಡಿಸೆಂಬರ್ 27ಕ್ಕೆ ಎರಡನೆಯವರು ಬಂದರು: ಗೇಲ್ ಸೀರೆನ್ಸ್. ಫ್ಲಾರಿಡಾದ ಟ್ಯಾಂಪಾದಲ್ಲಿ ಟಿವಿ ಸುದ್ದಿ ಓದುತ್ತಿದ್ದವರು, ಅದಕ್ಕೂ ಮೊದಲು ಕ್ರೀಡಾ ವರದಿ ಮಾಡಿದವರು. ಎನ್‌ಬಿಸಿ ಚಾನೆಲ್‌ನ ಮೈಕೆಲ್ ವೈಸ್‌ಮನ್, ಸೀರೆನ್ಸ್ ಅವರನ್ನು ಆರಿಸಿದರು. ಅಮೆರಿಕದವರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಅಂದರೆ ಅಲ್ಲಿನ ಗಂಡಸರ ಕೋಟೆ. ಅದರೊಳಗೆ ಒಬ್ಬ ಹೆಣ್ಣುಮಗಳು ಮುಖ್ಯ ಕಾಮೆಂಟೇಟರ್ ಆಗಿ ಕೂರುವುದು ಅಂದರೆ ಆ ದೇಶಕ್ಕೇ ಸುದ್ದಿ. ಮಾರ್ಟಿ ಗ್ಲಿಕ್‌ಮನ್ ಎಂಬ ಕಾಮೆಂಟರಿಯ ಹಳೆಯ ಹುಲಿಯ ಹತ್ತಿರ ಸೀರೆನ್ಸ್ ಪಾಠ ಹೇಳಿಸಿಕೊಂಡರು. ಆ ದಿನ ಕಾನ್ಸಾಸ್ ಸಿಟಿಯಲ್ಲಿ ಸಿಯಾಟಲ್ ಸೀಹಾಕ್ಸ್ ಮತ್ತು ಕಾನ್ಸಾಸ್ ಸಿಟಿ ಚೀಫ್ಸ್ ಪಂದ್ಯ. ಪಂದ್ಯ ಪೂರ್ತಿ ಹೇಳಿದರು. ಚಾನೆಲ್ ಮುಂದಿನ ವರ್ಷಕ್ಕೆ ಇನ್ನಷ್ಟು ಪಂದ್ಯ ಕೊಡಲು ತಯಾರಿತ್ತು.

ಅವರು ಮತ್ತೆ ಎನ್‌ಎಫ್‌ಎಲ್ ಮೈಕಿನ ಮುಂದೆ ಕೂರಲೇ ಇಲ್ಲ. ಸುದ್ದಿ ಓದುವ ಕೆಲಸ ಕೊಟ್ಟಿದ್ದ ಟ್ಯಾಂಪಾದ ಸ್ಟೇಷನ್ ಒಪ್ಪಲಿಲ್ಲ, ಎರಡರಲ್ಲಿ ಒಂದನ್ನು ಆರಿಸಿಕೋ ಅಂದಿತು. ಅವರು ಕೈಯಲ್ಲಿದ್ದ ಕೆಲಸವನ್ನು ಉಳಿಸಿಕೊಂಡರು. 2015ರವರೆಗೆ ಸುದ್ದಿ ಓದಿ ನಿವೃತ್ತರಾದರು.

ಇನ್ನೊಬ್ಬ ಹೆಣ್ಣುಮಗಳು ಎನ್‌ಎಫ್‌ಎಲ್ ಪಂದ್ಯಕ್ಕೆ ಹಾಗೆ ಕೂತಿದ್ದು ಯಾವಾಗ ಗೊತ್ತಾ? 2017ರ ಸೆಪ್ಟೆಂಬರ್ 11. ಹೆಚ್ಚುಕಮ್ಮಿ 30 ವರ್ಷ! ಬೆತ್ ಮೋವಿನ್ಸ್, ಡೆನ್ವರ್‌ನಲ್ಲಿ ಚಾರ್ಜರ್ಸ್ ಮತ್ತು ಬ್ರಾಂಕೋಸ್ ಪಂದ್ಯ, ಇಎಸ್‌ಪಿಎನ್‌ನಲ್ಲಿ. ಮೋವಿನ್ಸ್ ತಂದೆ ಬಾಸ್ಕೆಟ್‌ಬಾಲ್ ಕೋಚ್. ಮೋವಿನ್ಸ್ ಕೂಡ ಕಾಲೇಜು ತಂಡಕ್ಕೆ ಆಡಿದವರು. 1994ರಿಂದ ಇಎಸ್‌ಪಿಎನ್‌ನಲ್ಲಿ ಸಾಫ್ಟ್‌ಬಾಲ್, ವಾಲಿಬಾಲ್, ಕಾಲೇಜು ಫುಟ್‌ಬಾಲ್ ಅಂತ ಕೊಟ್ಟಿದ್ದೆಲ್ಲ ಹೇಳುತ್ತ ಬಂದವರು. ಅವರ ವಿಷಯದಲ್ಲಿ ನನಗೆ ಬಹಳ ಖುಷಿ ಕೊಟ್ಟಿದ್ದು ಸೆಪ್ಟೆಂಬರ್ 11 ಅಲ್ಲ, ಸೆಪ್ಟೆಂಬರ್ 24. ಆ ದಿನ ಸಿಬಿಎಸ್ ಚಾನೆಲ್‌ನಲ್ಲಿ ಬ್ರೌನ್ಸ್ ಮತ್ತು ಕೋಲ್ಟ್ಸ್ ಪಂದ್ಯಕ್ಕೂ ಅವರೇ ಕೂತರು. ಎರಡನೇ ಪಂದ್ಯ.

ಈ ಅಂಕಣದಲ್ಲಿ ನಾನು ಹೇಳಬೇಕು ಅಂದುಕೊಂಡಿರುವುದು ಇದನ್ನೇ. ಮೊದಲಿಗಳನ್ನು ಹುಡುಕಿ ಹಾರ ಹಾಕುವುದು ಎಲ್ಲರಿಗೂ ಇಷ್ಟ. ಫೋಟೋ ಬರುತ್ತದೆ, ಪೇಪರಿನಲ್ಲಿ ಬರುತ್ತದೆ. ಆದರೆ ಒಂದೇ ಪಂದ್ಯದಲ್ಲಿ ಯಾರೂ ಕಾಮೆಂಟೇಟರ್ ಆಗಲ್ಲ. ಗಂಡಸರೂ ಆಗಿಲ್ಲ. ಅವರಿಗೆ ತಪ್ಪು ಮಾಡಲು, ಹೆಸರು ತಡವರಿಸಲು, ಸ್ಕೋರ್ ಮರೆಯಲು ವರ್ಷಗಟ್ಟಲೆ ಪಂದ್ಯ ಸಿಕ್ಕಿದ್ದವು. ಹೆಣ್ಣುಮಗಳಿಗೆ ಮಾತ್ರ ಒಂದು ಪಂದ್ಯ ಕೊಟ್ಟು, ಅದರಲ್ಲೇ ಪರೀಕ್ಷೆ ಮಾಡಿ, ಅದರಲ್ಲೇ ತೀರ್ಪು ಕೊಡುತ್ತಾರೆ. ಮಾವ ಕೇಳಬೇಕಾದ ಪ್ರಶ್ನೆ "ಯಾರು ಮಾಡಿದ್ದಾರೆ" ಅಲ್ಲ, "ಮಾಡಿದವರಿಗೆ ಮುಂದಿನ ಪಂದ್ಯ ಯಾಕೆ ಕೊಡಲಿಲ್ಲ" ಅನ್ನುವುದು. ಅವರಿಗೆ ನನ್ನ ನಮಸ್ಕಾರ ತಿಳಿಸಿ, ಈ ಪುಟ ಓದಿಸಿ.

ಪ್ರಶ್ನೆ: ತಪ್ಪು ತಿಳಿಯಬೇಡಿ. ನಾನು ಹೆಣ್ಣುಮಕ್ಕಳ ವಿರೋಧಿ ಅಲ್ಲ, ನನ್ನ ಇಬ್ಬರೂ ಹೆಣ್ಣುಮಕ್ಕಳು ಓದಿ ಕೆಲಸದಲ್ಲಿದ್ದಾರೆ. ಆದರೆ ಗೋಲು ಬಂದಾಗ ಹೆಂಗಸರ ದನಿ ಮೈಕಿನಲ್ಲಿ ಕೀರಲಾಗಿ ಕೇಳುತ್ತದೆ, ಕಿವಿಗೆ ಹಿತ ಅನ್ನಿಸಲ್ಲ. ಹೀಗೆ ಹೇಳುವುದು ತಪ್ಪಾ? — ನಿವೃತ್ತ ಬ್ಯಾಂಕ್ ನೌಕರ, ಮಡಿಕೇರಿ

ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಬರೆದಿದ್ದೀರಿ, ಸಂತೋಷ. ನಾನೂ ನೇರವಾಗಿ ಹೇಳುತ್ತೇನೆ.

ಈ ಮಾತು ನಿಮ್ಮೊಬ್ಬರದ್ದಲ್ಲ. 2018ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ, ಜೂನ್ 20ರಂದು, ಪೋರ್ಚುಗಲ್ ಮತ್ತು ಮೊರಾಕ್ಕೋ ಪಂದ್ಯಕ್ಕೆ ವಿಕಿ ಸ್ಪಾರ್ಕ್ಸ್ ಬಿಬಿಸಿಯಲ್ಲಿ ಕಾಮೆಂಟರಿ ಹೇಳಿದರು. ಬ್ರಿಟನ್ನಿನ ಟಿವಿಯಲ್ಲಿ ವಿಶ್ವಕಪ್ ಪಂದ್ಯಕ್ಕೆ ನೇರ ಕಾಮೆಂಟರಿ ಕೊಟ್ಟ ಮೊದಲ ಹೆಣ್ಣುಮಗಳು ಅವರೇ. ಅದಾದ ಮೇಲೆ ಜೇಸನ್ ಕಂಡಿ ಎಂಬ ಹಳೆಯ ಆಟಗಾರ ಟಿವಿಯಲ್ಲಿ ಕೂತು ನಿಮ್ಮದೇ ಮಾತು ಹೇಳಿದರು, 90 ನಿಮಿಷ ಎತ್ತರದ ದನಿ ಕೇಳೋದು ಕಷ್ಟ ಅಂತ. ದೊಡ್ಡ ಗಲಾಟೆಯಾಯಿತು, ಅವರು ಕ್ಷಮೆ ಕೇಳಿದರು. ಜರ್ಮನಿಯಲ್ಲಿ ಕ್ಲೌಡಿಯಾ ನಾಯ್‌ಮನ್ ಕಥೆ ಇನ್ನೂ ಕೆಟ್ಟದು. 2016ರ ಯುರೋ ಕಪ್‌ನಲ್ಲಿ ಗಂಡಸರ ಪಂದ್ಯ ಹೇಳಿದ್ದಕ್ಕೆ ಬೈಗುಳದ ಸುರಿಮಳೆ. 2018ರ ವಿಶ್ವಕಪ್‌ನಲ್ಲೂ ಅದೇ ಮುಂದುವರಿಯಿತು, ಕೊನೆಗೆ ಅವರ ಚಾನೆಲ್ ಝಡ್‌ಡಿಎಫ್ ಬೈದವರಲ್ಲಿ ಕೆಲವರ ಮೇಲೆ ಪೊಲೀಸ್ ದೂರನ್ನೇ ಕೊಡಬೇಕಾಯಿತು. ಆದರೆ ಆ ಚಾನೆಲ್ ಅವರನ್ನು ಕೆಳಗಿಳಿಸಲಿಲ್ಲ. ಅದನ್ನು ನಾನು ಮೆಚ್ಚುತ್ತೇನೆ.

ಈಗ ಕಿವಿಯ ವಿಷಯ. ನಮ್ಮ ಮೈದಾನಗಳಲ್ಲಿ ಕಟ್ಟುವ ಹಾರ್ನ್ ಸ್ಪೀಕರ್ ಇದೆಯಲ್ಲ, ಅದು ದನಿಯ ತಳದ ಭಾಗವನ್ನು ಸರಿಯಾಗಿ ಹೊರಗೆ ಹಾಕುವುದೇ ಇಲ್ಲ, ಮೇಲಿನ ಭಾಗವನ್ನೇ ಚುಚ್ಚಿ ಚುಚ್ಚಿ ಕೇಳಿಸುತ್ತದೆ. ದೂರಕ್ಕೆ ಮಾತು ತಲುಪಲಿ ಅಂತಲೇ ಅದನ್ನು ಮಾಡಿರೋದು. ಅದರಲ್ಲಿ ಕಿರುಚಿದರೆ ಗಂಡಸರ ದನಿಯೂ ಕೆಟ್ಟದಾಗಿಯೇ ಕೇಳುತ್ತದೆ, ಆದರೆ ಅದು ನಮಗೆ ರೂಢಿಯಾಗಿದೆ. ಮೈಕನ್ನು ತುಟಿಗೆ ಒತ್ತಿ ಹಿಡಿಯುವುದು ಇನ್ನೊಂದು ಕೆಟ್ಟ ಅಭ್ಯಾಸ. ಒಂದು ಮುಷ್ಟಿ ದೂರ ಹಿಡಿದು, ಗೋಲಿನ ಹೊತ್ತಿಗೆ ಮೈಕನ್ನು ಸ್ವಲ್ಪ ಹಿಂದೆ ತೆಗೆದರೆ ಅರ್ಧ ತೊಂದರೆ ಅಲ್ಲೇ ಹೋಗುತ್ತದೆ. ಇದು ಕಲಿಸಿದರೆ ಬರುವ ವಿದ್ಯೆ. ಕಲಿಯಲು ಬೇಕಾಗಿರೋದು ಮತ್ತದೇ, ಪಂದ್ಯಗಳು.

ಇನ್ನೂ ಒಂದು ಮಾತು ಸರ್. ನಮ್ಮ ಕೊಡಗಿನ ಪುಚ್ಚಿಮಂಡ ಅನುಪಮಾ ಅವರನ್ನು ನೆನಪಿಸಿಕೊಳ್ಳಿ. ಆಟಗಾರ್ತಿಯಾಗಿ, ಆಮೇಲೆ ಅಂತರರಾಷ್ಟ್ರೀಯ ಅಂಪೈರ್ ಆಗಿ ಹಾಕಿ ಮೈದಾನದಲ್ಲಿ ನಿಂತವರು. 2005ರಲ್ಲಿ ಚಿಲಿಯ ಸಾಂಟಿಯಾಗೋದಲ್ಲಿ ನಡೆದ ಮಹಿಳಾ ಜೂನಿಯರ್ ವಿಶ್ವಕಪ್‌ಗೂ ಹೋಗಿದ್ದರು. 2021ರ ಏಪ್ರಿಲ್‌ನಲ್ಲಿ ಕೋವಿಡ್ ಅವರನ್ನು ಕಿತ್ತುಕೊಂಡಿತು. ಅವರ ಸೀಟಿ ಕೇಳಿ ಆಟ ನಿಲ್ಲುತ್ತಿತ್ತು, ಆಟ ಶುರುವಾಗುತ್ತಿತ್ತು. ಹೆಣ್ಣುಮಗಳ ತೀರ್ಪಿಗೆ ತಲೆಬಾಗುವ ಮೈದಾನಕ್ಕೆ ಹೆಣ್ಣುಮಗಳ ಮಾತು ಕೇಳುವುದು ಕಷ್ಟವಾಗಬಾರದು. ನಿಮ್ಮ ಕಿವಿಗೆ ಒಂದು ಪೂರ್ತಿ ಸೀಸನ್ ಕೊಟ್ಟು ನೋಡಿ, ಆಮೇಲೆ ನನಗೆ ಬರೆಯಿರಿ. ನಿಮ್ಮ ಪತ್ರವನ್ನು ಖಂಡಿತ ಹಾಕುತ್ತೇನೆ.

ಪ್ರಶ್ನೆ: ಈಗ ಟಿವಿ ಹಾಕಿದರೆ ಕ್ರಿಕೆಟ್‌ನಲ್ಲಿ ಹೆಂಗಸರು ಕಾಣುತ್ತಲೇ ಇರುತ್ತಾರೆ. ಹಾಗಿದ್ದರೂ ಕಡಿಮೆ ಕಡಿಮೆ ಅಂತ ಯಾಕೆ ಹೇಳುತ್ತೀರಿ? — ಓದುಗ, ಕುಶಾಲನಗರ

ಕಾಣುವುದು ಬೇರೆ, ಆಟ ಹೇಳುವುದು ಬೇರೆ. ಕಾಮೆಂಟರಿ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಎರಡು ಕುರ್ಚಿ ಇರುತ್ತವೆ. ಒಬ್ಬರು ಚೆಂಡಿನ ಜೊತೆ ಓಡುತ್ತ, ಈಗ ಏನಾಗುತ್ತಿದೆ ಅನ್ನುವುದನ್ನು ಹೇಳುವವರು. ಇನ್ನೊಬ್ಬರು ಅದು ಯಾಕೆ ಹಾಗಾಯಿತು ಅಂತ ಬಿಡಿಸಿ ಹೇಳುವವರು, ಹೆಚ್ಚಾಗಿ ಹಳೆಯ ಆಟಗಾರರು. ಸ್ಟುಡಿಯೋದಲ್ಲಿ ನಿರೂಪಣೆ ಮಾಡುವುದು, ಬೌಂಡರಿ ಹತ್ತಿರ ನಿಂತು ಸಂದರ್ಶನ ಮಾಡುವುದು, ಇವು ಮೂರನೇ ಜಾತಿ ಕೆಲಸ. ಹೆಣ್ಣುಮಕ್ಕಳಿಗೆ ಮೊದಲು ಸಿಕ್ಕಿದ್ದು ಈ ಮೂರನೆಯದು. ಆಮೇಲೆ, ಆಡಿದವರಿಗೆ ಎರಡನೆಯದು ಸಿಕ್ಕಿತು. 2008ರಲ್ಲಿ ಶುರುವಾದ ಐಪಿಎಲ್‌ಗೆ 2015ರಲ್ಲಿ ಅಂಜುಮ್ ಚೋಪ್ರಾ, ಇಶಾ ಗುಹಾ, ಲೀಸಾ ಸ್ಥಳೇಕರ್, ಮೆಲ್ ಜೋನ್ಸ್ ಕಾಮೆಂಟರಿಗೆ ಬಂದರು. ನಾಲ್ವರೂ ತಮ್ಮ ದೇಶಕ್ಕೆ ಆಡಿದವರು. ಅಮೆರಿಕದಲ್ಲಿ ಡೋರಿಸ್ ಬರ್ಕ್ 2024ರ ಎನ್‌ಬಿಎ ಬಾಸ್ಕೆಟ್‌ಬಾಲ್ ಫೈನಲ್ಸ್‌ಗೆ ಟಿವಿಯಲ್ಲಿ ವಿಶ್ಲೇಷಕಿಯಾಗಿ ಕೂತರು. ಅದೂ ಕಾಲೇಜು ಕಾಲದಿಂದ ಬಾಸ್ಕೆಟ್‌ಬಾಲ್ ಉಸಿರಾಡಿ, ದಶಕಗಟ್ಟಲೆ ಕೆಲಸ ಮಾಡಿದ ಮೇಲೆ.

ಮೊದಲ ಕುರ್ಚಿ, ಅಂದರೆ ಆಟ ಹೇಳುವ ಕುರ್ಚಿ, ಎಲ್ಲಕ್ಕಿಂತ ನಿಧಾನವಾಗಿ ತೆರೆದುಕೊಂಡಿದೆ. ಎನ್‌ಬಿಎನಲ್ಲಿ 1988ರಲ್ಲೇ ಲಿಯಾಂಡ್ರಾ ರೈಲಿ ಒಂದು ಪಂದ್ಯ ಹೇಳಿದ್ದರು. ಆದರೆ ಒಂದು ತಂಡದ ಟಿವಿ ಪಂದ್ಯಗಳನ್ನು ಕಾಯಂ ಆಗಿ ಹೇಳುವ ಕೆಲಸ ಹೆಣ್ಣುಮಗಳಿಗೆ ಸಿಗಲು 2021 ಬರಬೇಕಾಯಿತು. ಮಿಲ್ವಾಕಿ ಬಕ್ಸ್‌ಗೆ ಲೀಸಾ ಬೈಯಿಂಗ್‌ಟನ್, ಅದೇ ವರ್ಷ ಫಿಲಡೆಲ್ಫಿಯಾ ತಂಡಕ್ಕೆ ಕೇಟ್ ಸ್ಕಾಟ್. ಬೇಸ್‌ಬಾಲ್‌ನಲ್ಲಿ 2024ರಲ್ಲಿ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್‌ಗೆ ಜೆನ್ನಿ ಕ್ಯಾವ್ನರ್. ಮೇರಿ ಶೇನ್‌ರಿಂದ ಲೆಕ್ಕ ಹಾಕಿದರೆ 47 ವರ್ಷ.

ಹಾಗಾಗಿ ಕಡಿಮೆ ಅಂತಲೇ ಹೇಳುತ್ತೇನೆ.

ಪ್ರಶ್ನೆ: ನೀವು ಬರೀ ವಿದೇಶದವರ ಹೆಸರು ಹೇಳುತ್ತೀರಿ. ನಮ್ಮ ದೇಶದಲ್ಲಿ ಯಾರೂ ಇರಲಿಲ್ಲವಾ? — ಶಿಕ್ಷಕಿ, ಗೋಣಿಕೊಪ್ಪಲು

ಇದ್ದರು, ಮತ್ತು ಬಹಳ ಮೊದಲೇ ಇದ್ದರು. ಇಂದೋರಿನ ಚಂದ್ರಾ ನಾಯುಡು. ಭಾರತದ ಮೊದಲ ಟೆಸ್ಟ್ ನಾಯಕ ಸಿ.ಕೆ. ನಾಯುಡು ಅವರ ಮಗಳು, ಇಂಗ್ಲಿಷ್ ಪ್ರೊಫೆಸರ್. 1976-77ರ ಸೀಸನ್‌ನಲ್ಲಿ ಇಂಗ್ಲೆಂಡಿನ ಎಂಸಿಸಿ ತಂಡ ಇಂದೋರಿನಲ್ಲಿ ಬಾಂಬೆ ವಿರುದ್ಧ ಆಡಿದಾಗ ಅವರು ಕಾಮೆಂಟರಿ ಹೇಳಿದರು. ಭಾರತದ ಮೊದಲ ಮಹಿಳಾ ಕ್ರಿಕೆಟ್ ಕಾಮೆಂಟೇಟರ್ ಅಂತ ಅವರನ್ನೇ ಕರೆಯುತ್ತಾರೆ. ವರ್ಷ ನೋಡಿ, ಮೇರಿ ಶೇನ್ ಶಿಕಾಗೋದಲ್ಲಿ ಮೈಕ್ ಹಿಡಿದ ಕಾಲವೇ ಅದು. ನಾವು ಯಾರಿಗೂ ಹಿಂದೆ ಇರಲಿಲ್ಲ! 2021ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ವಯಸ್ಸು 88. ಶಾಲೆಯಲ್ಲಿ ಸಿ.ಕೆ. ನಾಯುಡು ಹೆಸರು ಹೇಳಿಕೊಡುವಾಗ ಮಗಳ ಹೆಸರನ್ನೂ ಸೇರಿಸಿ ಟೀಚರ್.

ವೆಸ್ಟ್ ಇಂಡೀಸ್‌ನ ಡೋನಾ ಸಿಮಂಡ್ಸ್ ಹೆಸರೂ ಹೇಳಲೇಬೇಕು. ಬಾರ್ಬಡೋಸ್‌ನ ವಕೀಲೆ. ಕೋರ್ಟಿನ ಕೆಲಸದ ಜೊತೆಗೇ ರೇಡಿಯೋದಲ್ಲಿ ಚೆಂಡು ಚೆಂಡಿಗೂ ವಿವರಣೆ ಕೊಟ್ಟವರು. 1998ರಲ್ಲಿ ಇಂಗ್ಲೆಂಡ್ ತಂಡ ಅಲ್ಲಿಗೆ ಹೋದಾಗ ಬಿಬಿಸಿಯ ಟೆಸ್ಟ್ ಮ್ಯಾಚ್ ಸ್ಪೆಷಲ್ ಕಾರ್ಯಕ್ರಮದಲ್ಲೂ ಅವರ ದನಿ ಇತ್ತು. ಆ ಕಾರ್ಯಕ್ರಮಕ್ಕೆ ಕಾಯಂ ಹೆಣ್ಣುದನಿ ಬಂದಿದ್ದು 2007ರಲ್ಲಿ, ಅಲಿಸನ್ ಮಿಚೆಲ್. ಮತ್ತೆ ನಮ್ಮ ಕನ್ನಡಕ್ಕೆ ಬಂದರೆ, ಕಡೂರಿನ ವೇದಾ ಕೃಷ್ಣಮೂರ್ತಿ ಭಾರತಕ್ಕೆ ಆಡಿ, ಆಮೇಲೆ ಐಪಿಎಲ್‌ನ ಕನ್ನಡ ಕಾಮೆಂಟರಿಯಲ್ಲಿ ಕೂತರು. ಕಾಫಿ ಸೀಮೆಯ ಹುಡುಗಿ, ಕನ್ನಡದಲ್ಲೇ, ಗಂಡಸರ ಕ್ರಿಕೆಟ್ಟಿಗೆ. ನಿಮ್ಮ ಮಕ್ಕಳಿಗೆ ಈ ಉದಾಹರಣೆ ಹತ್ತಿರ ಅನ್ನಿಸಬಹುದು.

ಪ್ರಶ್ನೆ: ನಾನು ಡಿಗ್ರಿ ಎರಡನೇ ವರ್ಷ. ಕಾಮೆಂಟರಿ ಕಲಿಸುವ ಕೋರ್ಸ್ ನಮ್ಮ ಕಡೆ ಇಲ್ಲ. ಮನೆಯಲ್ಲೇ ಹೇಗೆ ಅಭ್ಯಾಸ ಮಾಡುವುದು? — ಓದುಗಿ, ವಿರಾಜಪೇಟೆ

ಕೋರ್ಸ್ ಇಲ್ಲ ಅಂತ ಬೇಜಾರು ಬೇಡ. ನಿಮ್ಮ ಜಿಲ್ಲೆಯಲ್ಲಿರುವುದು ಬೇರೆಲ್ಲೂ ಇಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದಾಗ ಬಂದಿದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಕಪ್‌ಗೆ 360 ಕುಟುಂಬ ಬಂದು ಗಿನ್ನೆಸ್ ದಾಖಲೆಯೇ ಆಯಿತು. ನಾಕೌಟ್ ಲೆಕ್ಕ ಹಾಕಿ. 360 ತಂಡದಲ್ಲಿ ಒಂದು ಉಳಿಯಬೇಕಾದರೆ 359 ಪಂದ್ಯ. ವಾಕ್‌ಓವರ್ ಕಳೆದರೂ ನೂರಾರು ಪಂದ್ಯ, ಸುಮಾರು ಒಂದು ತಿಂಗಳಲ್ಲಿ, ನಿಮ್ಮ ಮನೆಯಿಂದ ಬಸ್ಸಿನ ದೂರದಲ್ಲಿ. ಅಭ್ಯಾಸಕ್ಕೆ ಇಷ್ಟು ಪಂದ್ಯ ಗೇಲ್ ಸೀರೆನ್ಸ್‌ಗೆ ಸಿಕ್ಕಿರಲಿಲ್ಲ.

ಜಾಕಿ ಓಟ್ಲಿ ಎಂಬ ಇಂಗ್ಲಿಷ್ ಹೆಣ್ಣುಮಗಳು ಮಾಡಿದ್ದು ಇದನ್ನೇ. ಫುಟ್‌ಬಾಲ್ ಆಡುತ್ತಿದ್ದರು, ಮೊಣಕಾಲಿಗೆ ಪೆಟ್ಟು ಬಿದ್ದು ಆಟ ನಿಂತಿತು. ಕೆಲಸ ಬಿಟ್ಟು ಪತ್ರಿಕೋದ್ಯಮ ಓದಿದರು, ಆಸ್ಪತ್ರೆಯ ರೋಗಿಗಳಿಗೆ ಅಂತ ನಡೆಸುವ ರೇಡಿಯೋದಲ್ಲಿ ಮಾತಾಡಿದರು, ಲೀಡ್ಸ್‌ನ ಸ್ಥಳೀಯ ಬಿಬಿಸಿ ರೇಡಿಯೋಗೆ ಸಣ್ಣಪುಟ್ಟ ಲೀಗ್‌ಗಳ ಪಂದ್ಯ ಹೇಳಿದರು. 2007ರ ಏಪ್ರಿಲ್ 21ರಂದು ಬಿಬಿಸಿಯ ಮ್ಯಾಚ್ ಆಫ್ ದಿ ಡೇ ಕಾರ್ಯಕ್ರಮಕ್ಕೆ ಫುಲ್ಹಾಮ್ ಮತ್ತು ಬ್ಲ್ಯಾಕ್‌ಬರ್ನ್ ಪಂದ್ಯ ಹೇಳಿದ ದಿನ, ಅವರು ಬಾಯಿ ತೆರೆಯುವ ಮುಂಚೆಯೇ ಪತ್ರಿಕೆಗಳಲ್ಲಿ ಜಗಳ ಎದ್ದಿತ್ತು. ಆದರೆ ಅವರ ಬೆನ್ನ ಹಿಂದೆ ಯಾರೂ ನೋಡದ ಮೈದಾನಗಳಲ್ಲಿ ಹೇಳಿದ ಪಂದ್ಯಗಳಿದ್ದವು. ಆದ್ದರಿಂದಲೇ ನಿಂತರು.

ಈಗ ಕೆಲಸಕ್ಕೆ ಬರೋಣ. ಫೋನಿನ ರೆಕಾರ್ಡರ್ ಹಾಕಿಕೊಂಡು ಮೈದಾನದ ಒಂದು ಮೂಲೆಯಲ್ಲಿ ಕೂತುಕೊಳ್ಳಿ. ಯಾರ ಅನುಮತಿಯೂ ಬೇಡ. ಒಂದು ಕ್ವಾರ್ಟರ್ (ಆಟದ ನಾಲ್ಕು ಭಾಗಗಳಲ್ಲಿ ಒಂದು) ಪೂರ್ತಿ, ಸಮಯ ಕಡಿಮೆ ಮಾಡಿ ಆಡಿಸುತ್ತಿದ್ದರೆ ಆ ಅರ್ಧ ಪೂರ್ತಿ, ಬಿಡದೆ ಹೇಳಿ. ಮನೆಗೆ ಬಂದು ಕಣ್ಣು ಮುಚ್ಚಿ ಕೇಳಿ. ಚೆಂಡು ಎಲ್ಲಿದೆ ಅಂತ ನಿಮಗೇ ಗೊತ್ತಾಗದಿದ್ದರೆ ರೇಡಿಯೋ ಕೇಳುವವರಿಗೆ ಏನೂ ಗೊತ್ತಾಗಲ್ಲ. ಯಾರು, ಎಲ್ಲಿ, ಯಾವ ಕಡೆಗೆ, ಈ ಮೂರು ಮೊದಲು ಬರಬೇಕು. ಬಲ ಅಂಚು, ಎಡ ಅಂಚು, 23 ಮೀಟರ್ ಗೆರೆ, ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ, ಹೀಗೆ ಜಾಗದ ಹೆಸರುಗಳು ಬಾಯಿಗೆ ತಾನಾಗಿ ಬರಬೇಕು. ಸ್ಕೋರನ್ನೂ ಉಳಿದ ಸಮಯವನ್ನೂ ಪದೇ ಪದೇ ಹೇಳಿ, ಈಗ ತಾನೇ ಬಂದು ಕೂತವರು ಯಾವಾಗಲೂ ಇರುತ್ತಾರೆ.

ಹಾಕಿ ಬಹಳ ವೇಗದ ಆಟ. ಎಲ್ಲ ಪಾಸನ್ನೂ ಹೇಳಲು ಹೋದರೆ ನಾಲಿಗೆ ಹಿಂದೆ ಬೀಳುತ್ತದೆ. ಮಧ್ಯ ಮೈದಾನದಲ್ಲಿ ಎರಡು ಪಾಸ್ ಬಿಟ್ಟರೆ ಪರವಾಗಿಲ್ಲ, ಡಿ ಹತ್ತಿರ ಬಂದ ಮೇಲೆ ಒಂದನ್ನೂ ಬಿಡಬೇಡಿ. ಪೆನಾಲ್ಟಿ ಕಾರ್ನರ್ ಸಿಕ್ಕಾಗ ಆಟ ಸ್ವಲ್ಪ ನಿಲ್ಲುತ್ತದೆ, ಅದು ನಿಮ್ಮ ಸಮಯ. ಚೆಂಡು ತಳ್ಳುವವರು ಯಾರು, ನಿಲ್ಲಿಸುವವರು ಯಾರು, ಹೊಡೆಯುವವರು ಯಾರು, ಗೋಲು ಗೆರೆಯ ಹಿಂದೆ ಕೀಪರ್ ಸೇರಿ ನಿಂತ ಐವರಲ್ಲಿ ಮೊದಲು ಓಡಿ ಬರುವವರು ಯಾರು, ಇಷ್ಟು ಹೇಳಿ ಸುಮ್ಮನಾಗಿ. ತಳ್ಳಿದ ಮೇಲೆ ಒಂದೊಂದೇ ಶಬ್ದ ಸಾಕು. ಗೋಲಾದರೆ ಹೆಸರು ಹೇಳಿ ಮಾತು ನಿಲ್ಲಿಸಿ, ಜನರ ಕೂಗಿಗೆ ಜಾಗ ಬಿಡಿ. ಹೊಸಬರು ಅಲ್ಲೇ ಜಾಸ್ತಿ ಮಾತಾಡುತ್ತಾರೆ.

ಮೈದಾನದ ಮೈಕಿಗೂ ರೇಡಿಯೋಗೂ ವ್ಯತ್ಯಾಸ ಇದೆ. ಮೈದಾನದಲ್ಲಿರುವವರ ಕಣ್ಣಿಗೆ ಆಟ ಕಾಣುತ್ತದೆ, ಅವರಿಗೆ ಬೇಕಾಗಿದ್ದು ಹೆಸರು ಮತ್ತು ಅಂಪೈರ್ ಯಾಕೆ ಸೀಟಿ ಊದಿದರು ಅನ್ನುವುದು. ಹಸಿರು ಕಾರ್ಡ್ ಅಂದರೆ ಎರಡು ನಿಮಿಷ ಹೊರಗೆ, ಹಳದಿ ಅಂದರೆ ಕನಿಷ್ಠ ಐದು ನಿಮಿಷ, ಕೆಂಪು ಅಂದರೆ ಆಟವೇ ಮುಗಿಯಿತು. ಇಂಥದ್ದು ಅಜ್ಜಿಯಂದಿರಿಗೂ ಅರ್ಥವಾಗುವ ಹಾಗೆ ಹೇಳಿ. (ನಮ್ಮ ಕಡೆಯ ಅಜ್ಜಿಯಂದಿರಿಗೆ ಹೆಚ್ಚಿನದು ಮೊದಲೇ ಗೊತ್ತಿರುತ್ತದೆ ಬಿಡಿ.)

ನಮ್ಮ ಹಬ್ಬದಲ್ಲಿ ಇನ್ನೊಂದು ಕಷ್ಟ ಇದೆ, ಹೊರಗಿನವರಿಗೆ ಇದು ಗೊತ್ತೇ ಇರಲ್ಲ. ತಂಡ ಅಂದರೆ ಒಂದೇ ಒಕ್ಕ, ಅಂದರೆ ಒಂದೇ ಮನೆತನ, ಹನ್ನೊಂದೂ ಜನಕ್ಕೆ ಒಂದೇ ಮನೆಪದ, ಅಂದರೆ ಮನೆತನದ ಹೆಸರು. ಟಿವಿಯವರ ಹಾಗೆ ಮನೆತನದ ಹೆಸರಲ್ಲಿ ಕರೆಯಲು ಸಾಧ್ಯವೇ ಇಲ್ಲ. ಹೆಸರಲ್ಲೂ ಇಬ್ಬರು ಪೊನ್ನಪ್ಪ, ಇಬ್ಬರು ಬೋಪಣ್ಣ ಇರಬಹುದು. ಎದುರು ತಂಡದಲ್ಲಿ ಇನ್ನೊಬ್ಬ ಪೊನ್ನಪ್ಪ! ಅಪ್ಪ ಮಗ ಇಬ್ಬರೂ ಆಡುತ್ತಿರುತ್ತಾರೆ, ಅದೇ ತಂಡದಲ್ಲಿ ಅಕ್ಕನೂ ಸ್ಟಿಕ್ ಹಿಡಿದಿರುತ್ತಾಳೆ. ಅದಕ್ಕೆ ಅಂಗಿಯ ನಂಬರ್ ಮತ್ತು ಹೆಸರನ್ನು ಜೋಡಿಸಿ ಒಂದು ಹಾಳೆಯಲ್ಲಿ, ಆಡುವ ಜಾಗದ ಪ್ರಕಾರ, ಗೋಲ್‌ಕೀಪರ್‌ನಿಂದ ಮುಂದಕ್ಕೆ ಬರೆದಿಟ್ಟುಕೊಳ್ಳಿ. ಪಂದ್ಯಕ್ಕೆ ಮೊದಲು ಬೆಂಚಿನ ಹತ್ತಿರ ಹೋಗಿ ಮನೆಯಲ್ಲಿ ಏನಂತ ಕರೆಯುತ್ತಾರೆ ಅಂತ ಕೇಳಿ. ಯಾರು ಯಾರಿಗೆ ಏನಾಗಬೇಕು ಅಂತಲೂ ಕೇಳಿ. ಅಪ್ಪ ಕೊಟ್ಟ ಪಾಸಿಗೆ ಮಗಳು ಗೋಲು ಹೊಡೆದರೆ, ಅದನ್ನು ಆ ಕ್ಷಣದಲ್ಲಿ ಹೇಳುವ ಭಾಗ್ಯ ಇಡೀ ಮೈದಾನದಲ್ಲಿ ನಿಮ್ಮೊಬ್ಬರಿಗೇ ಇರುತ್ತದೆ. ಕನ್ನಡ, ಕೊಡವ ತಕ್ಕ್ (ಕೊಡವ ಭಾಷೆ) ಎರಡರಲ್ಲೂ ಹೇಳಲು ಕಲಿಯಿರಿ, ಇಂಗ್ಲಿಷ್ ಬಂದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಮಗಳಿಗೆ ಈ ಹುಚ್ಚು ಹಿಡಿದಿದೆ. ಇದರಲ್ಲಿ ಹೊಟ್ಟೆ ತುಂಬುತ್ತದಾ? — ತಾಯಿ, ಸೋಮವಾರಪೇಟೆ

ಇದೊಂದರಲ್ಲೇ ತುಂಬುವುದು ಸದ್ಯಕ್ಕೆ ಕಷ್ಟ ಅಮ್ಮ, ಸುಳ್ಳು ಹೇಳಲ್ಲ. ಹೆಚ್ಚಿನ ಕಡೆ ಪಂದ್ಯದ ಲೆಕ್ಕದಲ್ಲಿ ದುಡ್ಡು, ಸೀಸನ್ ಇದ್ದಾಗ ಮಾತ್ರ. ಚಂದ್ರಾ ನಾಯುಡು ಪಾಠ ಹೇಳುತ್ತಿದ್ದರು, ಡೋನಾ ಸಿಮಂಡ್ಸ್ ವಕೀಲಿಕೆ ಮಾಡುತ್ತಿದ್ದರು. ಮಗಳೂ ಇನ್ನೊಂದು ಕೆಲಸ ಕೈಯಲ್ಲಿ ಇಟ್ಟುಕೊಳ್ಳಲಿ. ಆದರೆ ಕೆಲಸಕ್ಕೆ ಸೇರುವಾಗಲೇ, ಸೀಸನ್‌ನಲ್ಲಿ ಪಂದ್ಯಕ್ಕೆ ಹೋಗಲು ರಜೆ ಬೇಕು ಅಂತ ಮಾತಾಡಿ, ಬರವಣಿಗೆಯಲ್ಲಿ ತೆಗೆದುಕೊಳ್ಳಲಿ. ಸೀರೆನ್ಸ್ ಅವರನ್ನು ನಿಲ್ಲಿಸಿದ್ದು ದನಿಯೂ ಅಲ್ಲ, ಜನರೂ ಅಲ್ಲ, ಇನ್ನೊಂದು ಕೆಲಸದ ಕರಾರು.

ಪ್ರಶ್ನೆ: ನಮ್ಮ ಸಮಿತಿಯವರು ಮುಂದಿನ ಟೂರ್ನಿಯಲ್ಲಿ ಹೆಣ್ಣುಮಕ್ಕಳಿಗೆ ಮೈಕ್ ಕೊಡಬೇಕು ಅಂತ ಮಾತಾಡಿದ್ದೇವೆ. ಫೈನಲ್ ದಿನ ಒಬ್ಬರನ್ನು ಕರೆಸೋಣ ಅಂತ ಕೆಲವರ ಅಭಿಪ್ರಾಯ. ನಿಮ್ಮ ಸಲಹೆ? — ಸಮಿತಿ ಸದಸ್ಯ, ನಾಪೋಕ್ಲು

ಫೈನಲ್ ದಿನ ಬೇಡ. ದಯವಿಟ್ಟು ಬೇಡ.

ನನಗೆ ಇದು ಸ್ವಂತ ಅನುಭವ. ಒಂದು ಟೂರ್ನಿಯಲ್ಲಿ, ಹೆಣ್ಣುಮಕ್ಕಳ ದನಿಯೂ ಇರಲಿ ಅಂತ, ಮಂತ್ರಿಗಳು ಬರುವ ದಿನ ನನ್ನನ್ನು ಕೂರಿಸಿದರು. ಸೀರೆ ಉಟ್ಟು ಬನ್ನಿ ಅಂತಲೂ ಹೇಳಿದ್ದರು. ಶಾಲು ಹೊದಿಸಿದರು, ಫೋಟೋ ತೆಗೆದರು, ಮರುದಿನ ಹೋದರೆ ಮೈಕು ಬೇರೆಯವರ ಕೈಯಲ್ಲಿತ್ತು, ನನ್ನ ಕುರ್ಚಿಯೂ ಇರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, ನಿಮ್ಮದು ನಿನ್ನೆ ಆಯಿತಲ್ಲ ಮೇಡಂ ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ನನಗೆ ಜಾಸ್ತಿ ನೋವು ಕೊಟ್ಟಿದ್ದು.

ನೀವು ಹೀಗೆ ಮಾಡಿ. ಇಬ್ಬರು ಅಥವಾ ಮೂವರು ಹುಡುಗಿಯರನ್ನು ಆರಿಸಿ, ಒಬ್ಬರನ್ನೇ ಅಲ್ಲ, ಒಬ್ಬರೇ ಆದರೆ ಆಕೆ ತಪ್ಪಿದರೆ ಇಡೀ ಹೆಣ್ಣುಕುಲವೇ ತಪ್ಪಿದ ಹಾಗೆ ಮಾತಾಡುತ್ತಾರೆ. ಮೊದಲ ಸುತ್ತಿನ ಬೆಳಗಿನ ಪಂದ್ಯಗಳನ್ನು ಅವರಿಗೆ ಕೊಡಿ, ಜನ ಕಡಿಮೆ ಇರುವಾಗ. ಪಕ್ಕದಲ್ಲಿ ಒಬ್ಬ ಅನುಭವಿ ಕಾಮೆಂಟೇಟರ್ ಕೂರಲಿ. ಆದರೆ ಆತ ಮಧ್ಯೆ ಬಾಯಿ ಹಾಕಬಾರದು, ಕ್ವಾರ್ಟರ್ ಮುಗಿದ ಮೇಲೆ ಹೇಳಬೇಕಾದ್ದನ್ನು ಹೇಳಲಿ. ಹುಡುಗರಿಗೂ ಹುಡುಗಿಯರಿಗೂ ಒಂದೇ ದುಡ್ಡು ಕೊಡಿ, ಒಂದೇ ಊಟದ ಚೀಟಿ ಕೊಡಿ. ಮಹಿಳೆಯರ ಪಂದ್ಯಕ್ಕೆ ಮಾತ್ರ ಅವರನ್ನು ಕೂರಿಸಬೇಡಿ. ಮಳೆ ಬಂದು ಪಂದ್ಯ ಮುಂದಕ್ಕೆ ಹೋದರೆ ಮೊದಲು ಅವರ ಪಾಳಿಯನ್ನೇ ಕತ್ತರಿಸುವ ಕೆಲಸವೂ ಬೇಡ, ಏಪ್ರಿಲ್‌ನಲ್ಲಿ ನಮ್ಮಲ್ಲಿ ಮಳೆ ಬಂದೇ ಬರುತ್ತದೆ. ಒಬ್ಬಳು ಮೊದಲ ದಿನ ತಡವರಿಸಿದರೆ ಎರಡನೇ ದಿನವೂ ಅವಳನ್ನೇ ಕೂರಿಸಿ. ಕ್ವಾರ್ಟರ್ ಫೈನಲ್ ಹೊತ್ತಿಗೆ ಯಾರು ಚೆನ್ನಾಗಿ ಹೇಳುತ್ತಾರೆ ಅಂತ ಮೈದಾನಕ್ಕೇ ಗೊತ್ತಾಗಿರುತ್ತದೆ, ಆಗ ಆ ಲೆಕ್ಕದಲ್ಲೇ ಫೈನಲ್‌ಗೆ ಆರಿಸಿ, ಹುಡುಗನಾದರೂ ಸರಿ, ಹುಡುಗಿಯಾದರೂ ಸರಿ.

ಮತ್ತೆ ತಂಡದ ಪಟ್ಟಿಯನ್ನು ಹಿಂದಿನ ದಿನ ಸಂಜೆಯೇ ಅವರ ಕೈಗೆ ಕೊಡಿ, ಅಂಗಿಯ ನಂಬರ್ ಸಮೇತ. ಪಂದ್ಯ ಶುರುವಾಗಲು ಐದು ನಿಮಿಷ ಇರುವಾಗ ಚೀಟಿ ಕೊಟ್ಟರೆ ಯಾರಿಂದಲೂ ಆಗಲ್ಲ.